ಔಟ್‌ಲುಕ್‌ನಲ್ಲಿ ಟೀಮ್ಸ್ ಮೀಟಿಂಗ್ ಬಟನ್ ಮಾಯ ಆದ್ರೆ ಎಲ್ಲಿ ಹುಡುಕ್ಬೇಕು: ನನ್ನ ನೋಟ್ಸ್

ಡೆಸ್ಕ್‌ಟಾಪ್ ಸಪೋರ್ಟ್ ಕಲೀತಿರೋ ನಮಗೆಲ್ಲ ಪದೇ ಪದೇ ಬರೋ ಟಿಕೆಟ್ (ಅಂದ್ರೆ ಯೂಸರ್ ದಾಖಲಿಸೋ ದೂರು) ಇದು, "ಔಟ್‌ಲುಕ್‌ನಲ್ಲಿ ಟೀಮ್ಸ್ ಮೀಟಿಂಗ್ ಬಟನ್ ಕಾಣಿಸ್ತಿಲ್ಲ, ನಿನ್ನೆ ತನಕ ಇತ್ತು" ಅಂತ. ಟಿಕೆಟ್ ಬಂದ ತಕ್ಷಣ ಹೆಚ್ಚಿನವರು ಟೀಮ್ಸ್ ತೆಗೆದು ಮತ್ತೆ ಹಾಕ್ತಾರೆ. ಶುರುನಲ್ಲಿ ನಾನೂ ಅದನ್ನೇ ಮಾಡ್ತಿದ್ದೆ, ಕೆಲವು ಸಲ ಬಟನ್ ವಾಪಸ್ ಬರ್ತಿತ್ತು ಕೆಲವು ಸಲ ಇಲ್ಲ, ಆದ್ರೆ ಬಂದಾಗ್ಲೂ ಯಾಕೆ ಬಂತು ಅಂತ ಗೊತ್ತಾಗ್ತಿರ್ಲಿಲ್ಲ, ಹಾಗಾಗಿ ಮುಂದಿನ ಟಿಕೆಟ್‌ಗೆ ಮತ್ತೆ ಮೊದಲಿಂದ ಶುರು. ಈಗ ನಾನು ಏನನ್ನೂ ಅನ್‌ಇನ್‌ಸ್ಟಾಲ್ ಮಾಡೋಕೆ ಮುಂಚೆ ಬಟನ್ ಎಲ್ಲಿ ಕಳೆದುಹೋಗಿದೆ ಅಂತ ಪತ್ತೆ ಹಚ್ತೀನಿ, ಅದಕ್ಕೆ ಐದು ನಿಮಿಷ ಸಾಕು.

ಮೊದಲು ಈ ಬಟನ್ ಅಂದ್ರೆ ಏನು ಅಂತ ಅರ್ಥ ಆಗ್ಬೇಕು. ಹಳೇ ಅಂದ್ರೆ ಕ್ಲಾಸಿಕ್ ಔಟ್‌ಲುಕ್‌ನಲ್ಲಿ ಅದು ಔಟ್‌ಲುಕ್‌ನ ಸ್ವಂತ ಬಟನ್ ಅಲ್ಲ, ಟೀಮ್ಸ್ ತಂದು ಇಡೋದು. ಟೀಮ್ಸ್ ಇನ್‌ಸ್ಟಾಲ್ ಆದಾಗ ಒಂದು ಡಿಎಲ್ಎಲ್ ಫೈಲ್ (ಬೇರೆ ಪ್ರೋಗ್ರಾಮ್ ಎಬ್ಬಿಸಿ ಬಳಸೋ ಕೋಡ್ ಫೈಲ್) ಕಂಪ್ಯೂಟರಲ್ಲಿ ಕೂರತ್ತೆ, ಅದರ ಹೆಸರು ಮೈಕ್ರೋಸಾಫ್ಟ್ ಡಾಟ್ ಟೀಮ್ಸ್ ಡಾಟ್ ಆಡಿನ್‌ಲೋಡರ್, ಜೊತೆಗೆ ರಿಜಿಸ್ಟ್ರಿಯಲ್ಲಿ, ಅಂದ್ರೆ ವಿಂಡೋಸ್ ಸೆಟ್ಟಿಂಗ್ಸ್ ಬರೆದಿಟ್ಕೊಳ್ಳೋ ಜಾಗದಲ್ಲಿ, "ಔಟ್‌ಲುಕ್ ಶುರು ಆದಾಗ ಇದನ್ನ ಎಬ್ಬಿಸು" ಅಂತ ಒಂದು ನಮೂದು ಬೀಳತ್ತೆ. ಔಟ್‌ಲುಕ್ ತೆರೆದಾಗ ಆ ನಮೂದು ಓದಿ ಫೈಲನ್ನ ಲೋಡ್ ಮಾಡತ್ತೆ, ಆಮೇಲೆ ಬಟನ್ ಮೂಡತ್ತೆ. ಫೈಲ್ ಇರ್ಬೇಕು, ನಮೂದು ಇರ್ಬೇಕು, ಔಟ್‌ಲುಕ್ ಒಪ್ಕೋಬೇಕು. ಮೂರರಲ್ಲಿ ಯಾವುದು ಕೈಕೊಟ್ರೂ ಯೂಸರ್‌ಗೆ ಕಾಣೋದು ಒಂದೇ, ಬಟನ್ ಇಲ್ಲ. ಹೀಗೆ ಹೊರಗಿಂದ ಬಂದು ಔಟ್‌ಲುಕ್‌ಗೆ ಸೇರ್ಕೊಳ್ಳೋ ತುಣುಕನ್ನ ಕಾಮ್ (COM) ಆಡ್-ಇನ್ ಅಂತಾರೆ.

ಹೊಸ ಔಟ್‌ಲುಕ್‌ನಲ್ಲಿ ಕಾಮ್ ಆಡ್-ಇನ್ ಅನ್ನೋದೇ ಇಲ್ಲ. ಅಲ್ಲಿ ಹೊಸ ಇವೆಂಟ್ ತೆರೆದ್ರೆ ಟೀಮ್ಸ್ ಮೀಟಿಂಗ್ ಅಂತ ಆನ್-ಆಫ್ ಸ್ವಿಚ್ ಇರತ್ತೆ, ಅಷ್ಟೇ. ಹಾಗಾಗಿ ಯೂಸರ್ ಯಾವ ಔಟ್‌ಲುಕ್ ತೆರೆದಿದ್ದಾರೆ ಅಂತ ನೋಡದೆ ರಿಜಿಸ್ಟ್ರಿಗೆ ಇಳೀಬೇಡಿ. ಇನ್ನೊಂದು, ಬಟನ್ ಇರೋದು ಕ್ಯಾಲೆಂಡರ್‌ನಲ್ಲಿ, ಎಷ್ಟೋ ಜನ ಮೇಲ್ ಪುಟದಲ್ಲೇ ಹುಡುಕ್ತಾ ಕೂತಿರ್ತಾರೆ. ರಿಬ್ಬನ್ ಅಂದ್ರೆ ಮೇಲಿನ ಬಟನ್‌ಗಳ ಪಟ್ಟಿ ಚಿಕ್ಕದು ಮಾಡ್ಕೊಂಡಿದ್ರೆ ಮೂರು ಚುಕ್ಕಿಯ ಒಳಗೆ ಅವಿತುಕೊಂಡಿರೋದೂ ಉಂಟು. ಇದನ್ನೆಲ್ಲ ಫೋನಲ್ಲೇ ಕೇಳಿಬಿಡ್ಬಹುದು.

ಈಗ ಮುಖ್ಯವಾದ ಜಾಗಕ್ಕೆ ಬರೋಣ. ಫೈಲ್, ಆಮೇಲೆ ಆಪ್ಷನ್ಸ್, ಆಮೇಲೆ ಆಡ್-ಇನ್ಸ್. ಅಲ್ಲಿ ಪಟ್ಟಿ ಇರತ್ತೆ, ಆಕ್ಟಿವ್, ಇನ್‌ಆಕ್ಟಿವ್, ಡಿಸೇಬಲ್ಡ್ ಅಂತ ಬೇರೆ ಬೇರೆ ತಲೆಬರಹದ ಕೆಳಗೆ. "ಮೈಕ್ರೋಸಾಫ್ಟ್ ಟೀಮ್ಸ್ ಮೀಟಿಂಗ್ ಆಡ್-ಇನ್ ಫಾರ್ ಮೈಕ್ರೋಸಾಫ್ಟ್ ಆಫೀಸ್" ಅನ್ನೋ ಸಾಲು ಯಾವ ತಲೆಬರಹದ ಕೆಳಗಿದೆ, ಅಥವಾ ಪಟ್ಟಿಯಲ್ಲೇ ಇಲ್ವಾ ಅನ್ನೋದರ ಮೇಲೆ ಮುಂದಿನ ದಾರಿ ಪೂರ್ತಿ ಬದಲಾಗತ್ತೆ, ಅದಕ್ಕೇ ನಾನು ಈ ಪುಟದ ಸ್ಕ್ರೀನ್‌ಶಾಟ್ ಇಲ್ಲದೆ ಟಿಕೆಟ್ ಮುಟ್ಟೋದೇ ಇಲ್ಲ.

ಡಿಸೇಬಲ್ಡ್ ಕೆಳಗೆ ಇದ್ರೆ, ಔಟ್‌ಲುಕ್ಕೇ ಅದನ್ನ ಹೊರಗೆ ಇಟ್ಟಿದೆ ಅಂತ ಅರ್ಥ. ಒಂದೋ ಅದರಿಂದ ಕ್ರ್ಯಾಶ್ ಆಗಿರ್ಬೇಕು, ಇಲ್ಲಾ ಅದು ನಿಧಾನ ಆಗಿರ್ಬೇಕು. ನಿಧಾನದ ಲೆಕ್ಕ ನಾವು ತಿಳ್ಕೊಂಡಿರ್ಲೇಬೇಕು. ಔಟ್‌ಲುಕ್ 2013ರಿಂದ ಸತತ 5 ಸಲ ತೆರೆದಾಗ ಆ ಆಡ್-ಇನ್ ಶುರು ಆಗೋಕೆ ಹಿಡಿದ ಸಮಯ ತಗೊಂಡು, ಅದರ ಮಧ್ಯಾಂಕ 1000 ಮಿಲಿಸೆಕೆಂಡ್ ಅಂದ್ರೆ 1 ಸೆಕೆಂಡ್ ದಾಟಿದ್ರೆ ಆಡ್-ಇನ್ ಆಫ್ ಆಗತ್ತೆ. ಮಧ್ಯಾಂಕ ಅಂದ್ರೆ ಹೈಸ್ಕೂಲಲ್ಲಿ ಓದಿದ್ವಲ್ಲ ಅದೇ, ಏರಿಕೆ ಕ್ರಮದಲ್ಲಿ ಬರೆದಾಗ ನಡುವೆ ನಿಲ್ಲೋ ಸಂಖ್ಯೆ, ಸರಾಸರಿ ಅಲ್ಲ. ಐದು ಸಲದ್ದು 300, 400, 500, 600, 9000 ಅಂತಿದ್ರೆ ನಡುವಿನದು 500, ಏನೂ ಆಗಲ್ಲ, ಒಂದು ದಿನ 9 ಸೆಕೆಂಡ್ ತಗೊಂಡಿದ್ರೂ ಕೂಡ. ಅದೇ 700, 900, 1100, 1200, 1300 ಅಂತಿದ್ರೆ ನಡುವಿನದು 1100, ಔಟ್. ಅಂದ್ರೆ ಅಪರೂಪಕ್ಕೆ ಒಂದ್ಸಲ ತೀರಾ ನಿಧಾನ ಆಗೋದರಿಂದ ತೊಂದ್ರೆ ಇಲ್ಲ, ದಿನಾ ಸ್ವಲ್ಪ ಸ್ವಲ್ಪ ಎಳೆಯೋ ಹಳೇ ಲ್ಯಾಪ್‌ಟಾಪ್‌ಗಳೇ ಇಲ್ಲಿ ಸಿಕ್ಕಿಹಾಕೊಳ್ಳೋದು. "ನಾನೇನೂ ಮಾಡಿಲ್ಲ, ತಾನಾಗೇ ಹೋಯ್ತು" ಅಂತ ಯೂಸರ್ ಹೇಳೋದು ಇಂಥ ಕಡೆ ನೂರಕ್ಕೆ ನೂರು ನಿಜ, ಅವರನ್ನ ಅನುಮಾನದಿಂದ ನೋಡ್ಬೇಡಿ.

ಸರಿ ಮಾಡೋದು ಸುಲಭ. ಅದೇ ಪುಟದ ಕೆಳಗೆ ಮ್ಯಾನೇಜ್ ಅಂತ ಇರೋ ಕಡೆ ಡಿಸೇಬಲ್ಡ್ ಐಟಮ್ಸ್ ಆರಿಸಿ ಗೋ ಒತ್ತಿ, ಆಡ್-ಇನ್ ಆರಿಸಿ ಎನೇಬಲ್ ಮಾಡಿ, ಔಟ್‌ಲುಕ್ ಮುಚ್ಚಿ ತೆರೀರಿ. ಫೈಲ್ ಮೆನುವಿನ ಇನ್ಫೋ ಪುಟದಲ್ಲೂ ನಿಧಾನವಾದ, ಆಫ್ ಆದ ಆಡ್-ಇನ್‌ಗಳಿಗೆ ಅಂತಲೇ ಒಂದು ಬಟನ್ ಬರತ್ತೆ, ಅಲ್ಲಿ ಯಾವಾಗ್ಲೂ ಎನೇಬಲ್ ಇರ್ಲಿ ಅಂತ ಆರಿಸಿದ್ರೆ ಮತ್ತೆ ಮತ್ತೆ ಹೋಗಲ್ಲ. ಒಂದೇ ಆಫೀಸಲ್ಲಿ ತುಂಬಾ ಜನಕ್ಕೆ ಇದೇ ಆಗ್ತಿದ್ರೆ ಅಡ್ಮಿನ್ ಕಡೆಯವರು ರಿಜಿಸ್ಟ್ರಿಯಲ್ಲಿ ರೆಸಿಲಿಯನ್ಸಿ ಅನ್ನೋ ಜಾಗದ ಕೆಳಗಿನ ಡು-ನಾಟ್-ಡಿಸೇಬಲ್ ಪಟ್ಟಿಗೆ ಇದನ್ನ ಸೇರಿಸ್ತಾರೆ.

ಇನ್‌ಆಕ್ಟಿವ್ ಕೆಳಗೆ ಇದ್ರೆ ಮ್ಯಾನೇಜ್‌ನಲ್ಲಿ ಕಾಮ್ ಆಡ್-ಇನ್ಸ್ ಆರಿಸಿ ಗೋ, ಟಿಕ್ ಹಾಕಿ, ಓಕೆ. ಟಿಕ್ ನಿಂತ್ರೆ ಕೆಲಸ ಮುಗೀತು. ಟಿಕ್ ಹಾಕಿದ್ರೂ ಮತ್ತೆ ಹೋಗ್ತಿದ್ರೆ ಅದೇ ಕಿಟಕಿಯ ಕೆಳಗಡೆ ಎರಡು ಸಾಲು ಓದಿ, ಒಂದು ಲೊಕೇಶನ್, ಇನ್ನೊಂದು ಲೋಡ್ ಬಿಹೇವಿಯರ್. ಲೋಡ್ ಮಾಡುವಾಗ ರನ್‌ಟೈಮ್ ಎರರ್ ಬಂತು ಅಂತ ಅಲ್ಲಿ ಬರ್ದಿದ್ರೆ, ಲೊಕೇಶನ್‌ನಲ್ಲಿ ತೋರಿಸಿರೋ ಫೋಲ್ಡರ್‌ಗೆ ಹೋಗಿ ಫೈಲ್ ನಿಜವಾಗ್ಲೂ ಇದೆಯಾ ಅಂತ ನೋಡಿ. ಆ ದಾರಿಯಲ್ಲಿ ಆಡ್-ಇನ್‌ನ ವರ್ಶನ್ ನಂಬರಿನ ಫೋಲ್ಡರ್ ಇರತ್ತೆ, ಟೀಮ್ಸ್ ಅಪ್‌ಡೇಟ್ ಅರ್ಧಕ್ಕೆ ನಿಂತಿದ್ರೆ ನಮೂದು ಒಂದು ನಂಬರ್ ಹೇಳತ್ತೆ, ಫೋಲ್ಡರ್ ಇನ್ನೊಂದು ಇರತ್ತೆ.

ರಿಜಿಸ್ಟ್ರಿಯಲ್ಲಿ ಇದನ್ನೇ ಸಂಖ್ಯೆಯಲ್ಲಿ ಓದ್ಬಹುದು. ಕರೆಂಟ್ ಯೂಸರ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ಆಫೀಸ್, ಔಟ್‌ಲುಕ್, ಆಡಿನ್ಸ್, ಅದರೊಳಗೆ ಟೀಮ್ಸ್‌ಆಡಿನ್ ಡಾಟ್ ಫಾಸ್ಟ್‌ಕನೆಕ್ಟ್ ಅಂತ ಇರತ್ತೆ. ಲೋಡ್‌ಬಿಹೇವಿಯರ್ 3 ಇದ್ರೆ ಸರಿ, ಶುರುನಲ್ಲೇ ಲೋಡ್ ಆಗ್ಬೇಕು ಅಂತ. 2 ಆಗಿದ್ರೆ ಲೋಡ್ ಆಗ್ಬೇಕಿತ್ತು, ಆಗಿಲ್ಲ. ಸುಮ್ನೆ 2 ಅಳಿಸಿ 3 ಬರೆದು ಕೈ ತೊಳ್ಕೊಂಡ್ರೆ ಆಗಲ್ಲ, ಕಾರಣ ಹಾಗೇ ಇದ್ರೆ ಮುಂದಿನ ಸಲ ಮತ್ತೆ 2 ಆಗಿ ಕೂತಿರತ್ತೆ.

ಪಟ್ಟಿಯಲ್ಲೇ ಹೆಸರಿಲ್ಲ ಅಂದ್ರೆ ನಮೂದೇ ಬಿದ್ದಿಲ್ಲ. ಇಲ್ಲಿ ತೆರೆಯೋ ಕ್ರಮ ಮುಖ್ಯ. ಎರಡನ್ನೂ ಮುಚ್ಚಿ, ಟೀಮ್ಸ್‌ನ ಮೂಲೆಯ ಕ್ರಾಸ್ ಒತ್ತಿದ್ರೆ ಅದು ಮುಚ್ಚಲ್ಲ, ಗಡಿಯಾರದ ಪಕ್ಕ ಹೋಗಿ ಕೂರತ್ತೆ, ಅಲ್ಲಿ ರೈಟ್ ಕ್ಲಿಕ್ ಮಾಡಿ ಕ್ವಿಟ್ ಕೊಡ್ಬೇಕು. ಆಮೇಲೆ ಮೊದಲು ಟೀಮ್ಸ್ ತೆರೆದು ಆಫೀಸ್ ಅಕೌಂಟಲ್ಲಿ ಸೈನ್ ಇನ್ ಆಗಿ ಎರಡ್ಮೂರು ನಿಮಿಷ ಬಿಟ್ಟು ಔಟ್‌ಲುಕ್ ತೆರೀರಿ. ಬರ್ಲಿಲ್ವಾ, ವಿಂಡೋಸ್ ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯಲ್ಲಿ ಈ ಮೀಟಿಂಗ್ ಆಡ್-ಇನ್ ಟೀಮ್ಸ್‌ನಿಂದ ಬೇರೆಯಾಗೇ ಒಂದು ಸಾಲಾಗಿ ಇರತ್ತೆ, ಮಾಡಿಫೈ ಒತ್ತಿ ರಿಪೇರಿ ಕೊಡಿ. ಇಡೀ ಟೀಮ್ಸ್ ಕಿತ್ತು ಹಾಕೋದಕ್ಕಿಂತ ಇದು ಎಷ್ಟೋ ಬೇಗ. ಅದೂ ಆಗ್ಲಿಲ್ಲ ಅಂದ್ರೆ ರೆಗ್‌ಎಸ್‌ವಿಆರ್32 ಕಮಾಂಡಿಂದ ಡಿಎಲ್ಎಲ್ ಅನ್ನ ಕೈಯಾರೆ ನೋಂದಾಯಿಸ್ಬಹುದು, ಅಲ್ಲಿ ಎಡವೋದು 32 ಬಿಟ್ಟಾ 64 ಬಿಟ್ಟಾ ಅನ್ನೋದರಲ್ಲಿ. ನೋಡ್ಬೇಕಾದ್ದು ವಿಂಡೋಸ್ ಎಷ್ಟು ಬಿಟ್ ಅಂತಲ್ಲ, ಆಫೀಸ್ ಎಷ್ಟು ಬಿಟ್ ಅಂತ. ಫೈಲ್, ಆಫೀಸ್ ಅಕೌಂಟ್, ಅಬೌಟ್ ಔಟ್‌ಲುಕ್ ತೆರೆದ್ರೆ ಮೊದಲ ಸಾಲಿನ ಕೊನೇಲಿ ಬರ್ದಿರತ್ತೆ. ಆಫೀಸ್ 64 ಆದ್ರೆ ಎಕ್ಸ್64 ಫೋಲ್ಡರಿನ ಫೈಲ್, 32 ಆದ್ರೆ ಎಕ್ಸ್86 ಫೋಲ್ಡರಿಂದು.

ನಮ್ಮ ಆಫೀಸಿನ ಒಂದು ಕೇಸ್ ಹೇಳ್ತೀನಿ, ಇದರಲ್ಲಿ ನನಗೆ ಅರ್ಧ ದಿನ ಹೋಯ್ತು. ಅಕೌಂಟ್ಸ್‌ನ ಮೇಡಂ ಒಬ್ರು, ಫೈಲ್ ಇದೆ, ರಿಜಿಸ್ಟ್ರಿಯಲ್ಲಿ 3 ಇದೆ, ರಿಪೇರಿನೂ ಆಯ್ತು, ಬಟನ್ ಮಾತ್ರ ಇಲ್ಲ. ಪಕ್ಕದಲ್ಲಿ ಕೂತು ನೋಡ್ತಿದ್ದಾಗ ಅವರು "ಏನ್ ಸರ್, ಈ ನಡುವೆ ಫೋಲ್ಡರಿಂದ ಫೈಲ್ ಎಳೆದು ಮೇಲ್‌ಗೆ ಹಾಕೋಕೂ ಆಗ್ತಿಲ್ಲ" ಅಂದ್ರು. ಅಲ್ಲಿ ಹೊಳೀತು. ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್‌ನಲ್ಲಿ ಎಲಿವೇಟೆಡ್ (ಅಡ್ಮಿನ್ ಅಧಿಕಾರದಲ್ಲಿ ಓಡ್ತಿದೆಯಾ ಅಂತ ತೋರಿಸೋದು) ಅನ್ನೋ ಕಾಲಮ್ ಸೇರಿಸಿ ನೋಡಿದ್ರೆ ಔಟ್‌ಲುಕ್ ಮುಂದೆ ಯೆಸ್ (ಹೌದು) ಅಂತಿತ್ತು. ಯಾರೋ ಯಾವತ್ತೋ ಅವರ ಶಾರ್ಟ್‌ಕಟ್‌ಗೆ ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಟಿಕ್ ಹಾಕಿ ಬಿಟ್ಟಿದ್ರು. ಈ ಆಡ್-ಇನ್ ನೋಂದಣಿ ಆಗಿದ್ದು ಆ ಯೂಸರ್ ಹೆಸರಲ್ಲಿ ಮಾತ್ರ, ಇಡೀ ಕಂಪ್ಯೂಟರಿಗೆ ಅಲ್ಲ, ಮತ್ತೆ ಅಡ್ಮಿನ್ ಅಧಿಕಾರದಲ್ಲಿ ಓಡೋ ಪ್ರೋಗ್ರಾಮ್ ಯೂಸರ್ ಮಟ್ಟದ ಕಾಮ್ ನೋಂದಣಿಯನ್ನ ಸೆಕ್ಯುರಿಟಿ ಕಾರಣಕ್ಕೆ ಓದೋದೇ ಇಲ್ಲ. ಅಡ್ಮಿನ್ ಅಧಿಕಾರ ಇಲ್ಲದೆ ಓಡೋ ಫೋಲ್ಡರ್ ಕಿಟಕಿಯಿಂದ ಎಳೆದು ಹಾಕೋದನ್ನ ವಿಂಡೋಸ್ ತಡೆಯೋದೂ ಅಂಥದೇ ಕಾರಣಕ್ಕೆ. ಟಿಕ್ ತೆಗೆದು ಔಟ್‌ಲುಕ್ ತೆರೆದ್ವಿ, ಎರಡು ದೂರೂ ಒಟ್ಟಿಗೆ ಹೋದ್ವು. ಅವತ್ತಿಂದ ನಾನು "ಇನ್ನೇನಾದ್ರೂ ತೊಂದ್ರೆ ಇದೆಯಾ" ಅಂತ ಮೊದಲೇ ಕೇಳ್ತೀನಿ.

ಕಂಪ್ಯೂಟರಲ್ಲಿ ಎಲ್ಲಾ ಸರಿಯಿದ್ದೂ ಬರ್ತಿಲ್ಲ ಅಂದ್ರೆ ಟೀಮ್ಸ್ ಅಡ್ಮಿನ್ ಸೆಂಟರ್‌ನ ಮೀಟಿಂಗ್ ಪಾಲಿಸಿಯಲ್ಲಿ ಔಟ್‌ಲುಕ್ ಆಡ್-ಇನ್ ಅನ್ನೋ ಸ್ವಿಚ್ ಆಫ್ ಇರ್ಬಹುದು, ಅದನ್ನ ನಾವು ಮುಟ್ಟೋಕಾಗಲ್ಲ, ಅಡ್ಮಿನ್‌ಗೆ ಕಳಿಸ್ಬೇಕು, ಆನ್ ಮಾಡಿದ್ಮೇಲೂ ಜಾರಿಗೆ ಬರೋಕೆ ಕೆಲವು ಗಂಟೆ ಹಿಡಿಯತ್ತೆ ಅಂತ ಯೂಸರ್‌ಗೆ ಹೇಳಿಡಿ.

ಟಿಕೆಟ್ ಮುಚ್ಚೋಕೆ ಮುಂಚೆ ಬಟನ್ ಕಂಡ್ರೆ ಸಾಲಲ್ಲ, ಒತ್ತಿ ನೋಡಿ. ಮೀಟಿಂಗ್ ಕಿಟಕಿಯ ಒಳಗೆ ಜಾಯಿನ್ ಲಿಂಕ್ ತಾನಾಗೇ ಬಂದು ಕೂರ್ಬೇಕು. ಬಟನ್ ಇದ್ದು ಲಿಂಕ್ ಬರ್ಲಿಲ್ಲ ಅಂದ್ರೆ ಮೊದಲು ಟೀಮ್ಸ್‌ನಲ್ಲಿ ಯಾವ ಅಕೌಂಟಲ್ಲಿ ಸೈನ್ ಇನ್ ಆಗಿದ್ದಾರೆ, ಔಟ್‌ಲುಕ್‌ನಲ್ಲಿ ಯಾವ ಅಕೌಂಟ್ ಅಂತ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.