ಚೀನೀ ಶಾಯಿಚಿತ್ರದ ಹಣ್ಣುಗಳಿಗೆ ಅರ್ಥ ಹೇಳುವುದು ಹೇಗೆ?

ಪ್ರಶ್ನೆ: ಚೀನೀ ಶಾಯಿಚಿತ್ರಗಳಲ್ಲಿ ದಾಳಿಂಬೆ, ಪೀಚ್, ಪರ್ಸಿಮನ್ (ಟೊಮೆಟೊದಂತಿರುವ ಕಿತ್ತಳೆ ಬಣ್ಣದ ಹಣ್ಣು) ಮತ್ತೆ ಮತ್ತೆ ಕಾಣುತ್ತವೆ. ಯಾವ ಹಣ್ಣಿಗೆ ಯಾವ ಅರ್ಥ ಎಂದು ಒಂದು ಪಟ್ಟಿ ಕೊಡುತ್ತೀರಾ?

ಉತ್ತರ: ಪಟ್ಟಿ ಕೊಡಬಹುದು, ಆದರೆ ಅದನ್ನೇ ನೆಚ್ಚಿಕೊಂಡರೆ ಅರ್ಧಕ್ಕರ್ಧ ಚಿತ್ರಗಳಲ್ಲಿ ಎಡವುತ್ತೀರಿ. ಕೆಲವು ಅರ್ಥಗಳು ಹಣ್ಣಿನ ಗುಣದಿಂದಲೋ ಪುರಾಣದಿಂದಲೋ ಬಂದವು. ದಾಳಿಂಬೆಯ ತುಂಬ ಬೀಜ, ಹಾಗಾಗಿ ಮನೆ ತುಂಬ ಮಕ್ಕಳು. ಚೀನೀ ಪುರಾಣದ ದೇವತೆ ‘ಪಶ್ಚಿಮದ ರಾಣಿಮಾತೆ’ಯ ಪೀಚ್ ಮಾಗುವುದು 3000 ವರ್ಷಕ್ಕೊಮ್ಮೆ ಎಂಬ ಕಥೆಯಿದೆ, ಹಾಗಾಗಿ ಪೀಚ್ ಎಂದರೆ ದೀರ್ಘಾಯುಸ್ಸು.

ಉಳಿದ ಬಹುಪಾಲು ಶ್ಲೇಷೆ. ಪರ್ಸಿಮನ್‌ಗೆ ಚೀನೀ ಭಾಷೆಯಲ್ಲಿ ‘ಶಿ’ ಎನ್ನುತ್ತಾರೆ. ಕೆಲಸ, ಸಂಗತಿ ಎಂಬರ್ಥದ ಪದವೂ ‘ಶಿ’. ಎರಡು ಪರ್ಸಿಮನ್ ಜೊತೆ ‘ರುಯಿ’ (‘ಬಯಸಿದಂತೆ’ ಎಂದರ್ಥ) ಎಂಬ ಮಂಗಳದಂಡವಿದ್ದರೆ ‘ಶಿಶಿ ರುಯಿ’: ಹಿಡಿದ ಕೆಲಸವೆಲ್ಲ ಕೈಗೂಡಲಿ. ಇಲ್ಲಿ ದಂಡವನ್ನು ತೆಗೆದರೆ ಹಾರೈಕೆಯೂ ಅರ್ಧಕ್ಕೆ ನಿಲ್ಲುತ್ತದೆ. ಬೆರಳು ಬಿಟ್ಟಂತಿರುವ ‘ಬುದ್ಧಹಸ್ತ’ ಎಂಬ ನಿಂಬೆಜಾತಿಯ ಹಣ್ಣು ಪೀಚ್, ದಾಳಿಂಬೆಗಳ ಜೊತೆ ಬಂದರೆ ಭಾಗ್ಯ, ಆಯುಸ್ಸು, ಸಂತಾನ ಎಂಬ ಮೂರು ಸಮೃದ್ಧಿಗಳು. ಆದ್ದರಿಂದ ಒಂಟಿ ಹಣ್ಣಿಗಿಂತ ಅದರ ಪಕ್ಕದಲ್ಲಿ ಏನಿದೆ ಎಂಬುದನ್ನು ಮೊದಲು ನೋಡಿ.

ಬರೀ ಕಪ್ಪು ಶಾಯಿಯಲ್ಲಿ ಹಣ್ಣನ್ನು ಗುರುತಿಸುವುದೇ ಕಷ್ಟ. ಪರ್ಸಿಮನ್‌ ತುದಿಯಲ್ಲಿ ನಾಲ್ಕು ಎಸಳಿನ ಚೌಕಾಕಾರದ ತೊಟ್ಟು ಇರುತ್ತದೆ. ಹಣ್ಣನ್ನು ತೆಳು ಶಾಯಿಯಲ್ಲಿ ಬಿಡಿಸಿದರೂ ತೊಟ್ಟನ್ನು ಗಾಢವಾಗಿ ಎಳೆಯುವುದುಂಟು. ಪೀಚ್‌ಗೆ ಚೂಪು ಮೂತಿ, ಮೈಮೇಲೊಂದು ಸೀಳುಗೆರೆ, ಉದ್ದನೆಯ ಕಿರಿದಾದ ಎಲೆ. ದಾಳಿಂಬೆಗೆ ತಲೆಯ ಮೇಲೆ ಕಿರೀಟ, ಸಾಮಾನ್ಯವಾಗಿ ಹೊಟ್ಟೆ ಬಿರಿದು ಬೀಜ ಕಾಣುತ್ತಿರುತ್ತದೆ. ಬಿರಿದಿರುವುದು ಅಲಂಕಾರಕ್ಕಲ್ಲ, ಬೀಜ ಕಂಡರೆ ಸಂತಾನದ ಮಾತು ಎದ್ದು ಕಾಣುತ್ತದೆ.

ಇನ್ನು, ಎಲ್ಲ ಹಣ್ಣೂ ಹಾರೈಕೆಯಲ್ಲ. 13ನೇ ಶತಮಾನದ ಚಾನ್ (ಜಪಾನಿನಲ್ಲಿ ಝೆನ್ ಎನ್ನುವ ಬೌದ್ಧ ಪಂಥ) ಸನ್ಯಾಸಿ ಮುಚಿಯದ್ದೆಂದು ಹೇಳುವ, ಈಗ ಕ್ಯೋಟೋದ ದೈತೋಕುಜಿ ದೇವಾಲಯದಲ್ಲಿರುವ ‘ಆರು ಪರ್ಸಿಮನ್’ ಚಿತ್ರಕ್ಕೆ ‘ಕೆಲಸ ಕೈಗೂಡಲಿ’ ಎಂದು ಅರ್ಥ ಹಚ್ಚುವವರಿದ್ದಾರೆ. ನಮಗೆ ಅದು ಒಪ್ಪಿಗೆಯಿಲ್ಲ. ಅಲ್ಲಿ ರುಯಿ ಇಲ್ಲ, ಬರಹವಿಲ್ಲ. ಇರುವುದು ಬೇರೆ ಬೇರೆ ಗಾಢತೆಯ ಆರು ಹಣ್ಣು, ಸುತ್ತ ಖಾಲಿ ಕಾಗದ.

ಬರಹವಿದ್ದರೆ ಅದು ಪಟ್ಟಿಯನ್ನೇ ತಲೆಕೆಳಗು ಮಾಡಬಹುದು. ದ್ರಾಕ್ಷಿಗೊಂಚಲು ಎಂದರೆ ವಂಶವೃದ್ಧಿ ಎಂಬುದು ರೂಢಿ. ಆದರೆ ಮಿಂಗ್ ರಾಜವಂಶದ ಕಾಲದ ಚಿತ್ರಕಾರ ಶು ವೇಯಿ (1521–1593) ತನ್ನ ಶಾಯಿ ದ್ರಾಕ್ಷಿಯ ಮೇಲೆ ಬರೆದುಕೊಂಡ ಪದ್ಯದ ತಾತ್ಪರ್ಯವೇ ಬೇರೆ: ಅರ್ಧ ಬದುಕು ಸೋಲಿನಲ್ಲೇ ಕಳೆದು ಮುದುಕನಾದೆ, ಕುಂಚದಡಿಯ ಮುತ್ತುಗಳಿಗೆ ಕೊಳ್ಳುವವರಿಲ್ಲ, ಕಾಡುಬಳ್ಳಿಗಳ ನಡುವೆ ಎಸೆದಿದ್ದೇನೆ. ಹಸಿ ಶಾಯಿ ಹರಡಿ ಕಲೆಗಟ್ಟಿದ ಆ ಎಲೆಗಳನ್ನು ನೋಡಿದ ಮೇಲೂ ಅದನ್ನು ಸಂತಾನಭಾಗ್ಯದ ಚಿತ್ರ ಎನ್ನುವುದು ಹೇಗೆ?

ಉಡುಗೊರೆಗೆ ಆರಿಸುವುದಾದರೆ ಹಿರಿಯರ ಹುಟ್ಟುಹಬ್ಬಕ್ಕೆ ಪೀಚ್, ಮದುವೆಗೆ ದಾಳಿಂಬೆ. ಪಿಯರ್ (ಸೀಬೆಯಲ್ಲ, pear) ಹಣ್ಣಿನದು ಬೇಡ: ಅದರ ಹೆಸರು ‘ಲಿ’, ಅಗಲಿಕೆಗೂ ‘ಲಿ’.