ಮಣ್ಣಿನ ಬ್ಯಾಕ್ಟೀರಿಯಾದೊಳಗೆ ಇನ್ನೂ ಎಷ್ಟು ಔಷಧಗಳಿವೆ?

1943ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರ ವಿದ್ಯಾರ್ಥಿ ಆಲ್ಬರ್ಟ್ ಶಾಟ್ಜ್ ಮಣ್ಣಿನ ಬ್ಯಾಕ್ಟೀರಿಯಾದಿಂದ ಸ್ಟ್ರೆಪ್ಟೋಮೈಸಿನ್ ಪಡೆದರು. ಕ್ಷಯಕ್ಕೆ ನಾಟಿದ ಮೊದಲ ಆ್ಯಂಟಿಬಯೋಟಿಕ್ ಅದು. ಆಮೇಲೆ ಔಷಧ ಕಂಪನಿಗಳು ಊರೂರಿನ ಮಣ್ಣು ತರಿಸಿ ಹುಡುಕಿದವು. ಸುಮಾರು ಇಪ್ಪತ್ತು ವರ್ಷ ಸುಗ್ಗಿ. ನಂತರ ಸಿಕ್ಕಿದ್ದೇ ಮತ್ತೆ ಮತ್ತೆ ಸಿಗತೊಡಗಿತು. ಖರ್ಚು ಜಾಸ್ತಿ, ಫಲ ಕಡಿಮೆ. ಒಂದೊಂದೇ ಕಂಪನಿ ಕೈಬಿಟ್ಟಿತು.

ಮಣ್ಣು ಬರಿದಾಗಿತ್ತಾ? ಇಲ್ಲ ಅನ್ನುವುದು ಗೊತ್ತಾಗಿದ್ದು 2002ರಲ್ಲಿ. ಇಂಗ್ಲೆಂಡಿನ ಜಾನ್ ಇನ್ನೆಸ್ ಸೆಂಟರ್ ಮತ್ತು ಸ್ಯಾಂಗರ್ ಸಂಸ್ಥೆಯವರು ಸ್ಟ್ರೆಪ್ಟೋಮೈಸಿಸ್ ಸೀಲಿಕಲರ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಜೀನೋಮ್, ಅಂದರೆ ಅದರ ಇಡೀ ಡಿಎನ್ಎ, ಪೂರ್ತಿ ಓದಿದರು. ಬ್ರಿಟಿಷ್ ವಿಜ್ಞಾನಿ ಡೇವಿಡ್ ಹಾಪ್‌ವುಡ್ 1950ರ ದಶಕದಿಂದಲೂ ಇದರ ಬೆನ್ನು ಹತ್ತಿದ್ದರು. ಇಷ್ಟು ಪರಿಚಿತವಾದ ಜೀವಿ ತಯಾರಿಸುವ ಆ್ಯಂಟಿಬಯೋಟಿಕ್‌ನಂಥ ರಾಸಾಯನಿಕಗಳಲ್ಲಿ ಗೊತ್ತಿದ್ದದ್ದು ಬೆರಳೆಣಿಕೆಯಷ್ಟು. ಜೀನೋಮಿನಲ್ಲಿ ಕಂಡ, ಅಂಥ ರಾಸಾಯನಿಕ ತಯಾರಿಸುವ ಜೀನ್ ಗುಂಪುಗಳು 20ಕ್ಕೂ ಹೆಚ್ಚು! ಮರುವರ್ಷ ಜಪಾನಿನ ಸತೋಶಿ ಒಮುರಾ ತಂಡ ಅದರ ಸೋದರ ಪ್ರಭೇದವೊಂದರಲ್ಲಿ 30 ಗುಂಪು ತೋರಿಸಿತು.

ಹಾಗಾದರೆ ಇಷ್ಟು ದಿನ ಯಾಕೆ ಸಿಗಲಿಲ್ಲ? ಇಂಥ ರಾಸಾಯನಿಕ ತಯಾರಿಸಲು ಶಕ್ತಿ ಬೇಕು. ಬ್ಯಾಕ್ಟೀರಿಯಾ ಅದನ್ನು ಸುಮ್ನೆ ಖರ್ಚು ಮಾಡುವುದಿಲ್ಲ. ಎದುರಾಳಿ ಬಂದಾಗಲೋ ಆಹಾರ ಕಡಿಮೆಯಾದಾಗಲೋ ಆ ಜೀನ್‌ಗಳು ಎಚ್ಚರವಾಗುತ್ತವೆ. ಲ್ಯಾಬಿನಲ್ಲಿ ಹೊಟ್ಟೆತುಂಬ ಊಟ ಸಿಗುವಾಗ ಎಷ್ಟೋ ಜೀನ್‌ಗಳು ಮಲಗಿಯೇ ಇರುತ್ತವೆ. ಅಲ್ಲದೆ, ಮಣ್ಣಿನ ಬಹುಪಾಲು ಬ್ಯಾಕ್ಟೀರಿಯಾಗಳು ಲ್ಯಾಬಿನಲ್ಲಿ ಬೆಳೆಯುವುದೇ ಇಲ್ಲ.

ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಶಾನ್ ಬ್ರೇಡಿ ತಂಡ ಬೆಳೆಸುವ ಗೋಜಿಗೇ ಹೋಗಲಿಲ್ಲ. ಮಣ್ಣಿನಿಂದ ನೇರವಾಗಿ ಡಿಎನ್ಎ ತೆಗೆದು, ಬೇರೆ ಬ್ಯಾಕ್ಟೀರಿಯಾಕ್ಕೆ ಸೇರಿಸಿ 2018ರಲ್ಲಿ ಮಲಾಸಿಡಿನ್ ಎಂಬ ಹೊಸ ಆ್ಯಂಟಿಬಯೋಟಿಕ್ ಪಡೆಯಿತು. 2022ರಲ್ಲಿ ಇನ್ನೊಂದು ಹೆಜ್ಜೆ. ಜೀನ್ ಓದಿ ಅಣುವಿನ ರೂಪವನ್ನು ಕಂಪ್ಯೂಟರಿನಲ್ಲಿ ಊಹಿಸಿ, ರಾಸಾಯನಿಕವಾಗಿಯೇ ಕಟ್ಟಿದರು. ಅದೇ ಸಿಲಾಜಿಸಿನ್. ಮೊದಲ ರೂಪ ರಕ್ತದ ಪ್ರೋಟೀನ್‌ಗಳಿಗೆ ಅಂಟಿಕೊಂಡು ಸೋತಿತು. ತಿದ್ದಿದ ರೂಪ ಇಲಿಗಳಲ್ಲಿ ಸೋಂಕಿನ ವಿರುದ್ಧ ಕೆಲಸ ಮಾಡಿತು.

ಹುಡುಕುವ ದಾರಿ ಈಗ ತೆರೆದಿದೆ. ನನ್ನನ್ನು ಕಾಡುವುದು ಮುಂದಿನ ಹಂತ. ಬ್ಯಾಕ್ಟೀರಿಯಾ ಅದಕ್ಕೂ ಬಗ್ಗದಂತೆ ಆಗಬಾರದು ಅಂದರೆ ಹೊಸ ಆ್ಯಂಟಿಬಯೋಟಿಕ್ಕನ್ನು ಅನಿವಾರ್ಯವಾದಾಗ ಮಾತ್ರ, ಅದೂ ಕೆಲವೇ ದಿನ ಕೊಡಬೇಕು. ಅದು ಸರಿಯೇ, ಆದರೆ ಮಾರಾಟ ಎಲ್ಲಿಂದ ಬರಬೇಕು? ಅಮೆರಿಕದ ಅಕಾವೋಜೆನ್ ಕಂಪನಿಯ ಪ್ಲಾಜೋಮೈಸಿನ್ ಎಂಬ ಆ್ಯಂಟಿಬಯೋಟಿಕ್‌ಗೆ 2018ರಲ್ಲಿ ಅನುಮತಿ ಸಿಕ್ಕಿತು. 2019ರಲ್ಲಿ ಕಂಪನಿ ದಿವಾಳಿಯಾಯಿತು. ಸರ್ಕಾರಗಳು ಮುಂದೆ ಬಂದು ಹಣ ಹಾಕದಿದ್ದರೆ ಜೀನೋಮಿನಲ್ಲಿ ಸಿಕ್ಕ ಅಣುಗಳು ರೋಗಿಯ ತನಕ ತಲುಪುವುದು ಕಷ್ಟ.