ಬೇಸರವನ್ನು ಕಾರಣದಿಂದ ಅಳೆಯುವ ಮನೆಯವರಿಗೆ

ಬೇಸರದಲ್ಲಿ ಮುಳುಗಿದವರನ್ನು ನನ್ನಲ್ಲಿಗೆ ಕರೆತರುವ ಮನೆಯವರು ಎರಡು ಮಾತುಗಳಲ್ಲಿ ಒಂದನ್ನು ಆಡಿಯೇ ಆಡುತ್ತಾರೆ. "ಇವರಿಗೆ ಏನು ಕಮ್ಮಿಯಾಗಿದೆ ಅಂತ ಈ ಬೇಜಾರು ಡಾಕ್ಟ್ರೇ?" ಎಂಬುದು ಒಂದು, "ಇಷ್ಟೆಲ್ಲ ಆದಮೇಲೆ ಯಾರಿಗಾದರೂ ಬೇಜಾರಾಗದೆ ಇರುತ್ತದೆಯೇ?" ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಆಕ್ಷೇಪವಿದೆ, ಎರಡನೆಯದರಲ್ಲಿ ಮರುಕವಿದೆ. ಆದರೆ ಎರಡರ ಹಿಂದಿನ ಲೆಕ್ಕ ಒಂದೇ. ತಕ್ಕ ಕಾರಣ ಇಲ್ಲದಿದ್ದರೆ ದುಃಖ ಬರೀ ಸೋಗು, ಇದ್ದರೆ ಅದು ಸಹಜ, ಹೇಗಿದ್ದರೂ ಅದಕ್ಕೆ ಔಷಧಿ ಬೇಕಿಲ್ಲ ಎಂಬ ಲೆಕ್ಕ. ಶಿವಮೊಗ್ಗದಲ್ಲಿ ಮನೋವೈದ್ಯನಾಗಿರುವ ನನಗೆ ಈ ಲೆಕ್ಕವನ್ನು ಬಿಡಿಸುವುದೇ ಅರ್ಧ ಕೆಲಸ.

ನಮ್ಮ ಮಲೆನಾಡಿನಲ್ಲಿ ಕಾರಣಗಳಿಗೇನೂ ಬರವಿಲ್ಲ. ಅಡಿಕೆಗೆ ಕೊಳೆರೋಗ ಹಳೆಯದು, ಎಲೆಚುಕ್ಕೆ ರೋಗ ಇತ್ತೀಚಿನ ವರ್ಷಗಳಲ್ಲಿ ತೋಟದಿಂದ ತೋಟಕ್ಕೆ ಹಬ್ಬಿದ್ದು. ಭದ್ರಾವತಿಯಲ್ಲಿ ಕಾಗದ ಕಾರ್ಖಾನೆ ನಿಂತಮೇಲೆ ಕೆಲಸದ ಜೊತೆಗೆ ಊರಿನಲ್ಲಿದ್ದ ಗುರುತನ್ನೂ ಕಳೆದುಕೊಂಡವರಿದ್ದಾರೆ. ಮಕ್ಕಳೆಲ್ಲ ಬೆಂಗಳೂರು ಸೇರಿ, ಎಂಟು ಅಂಕಣದ ಮನೆಯಲ್ಲಿ ವಯಸ್ಸಾದ ಇಬ್ಬರೇ ಉಳಿದಿರುವುದು ಈಗ ಹೇಳಿಕೊಳ್ಳುವ ಸಂಗತಿಯಾಗಿಯೂ ಉಳಿದಿಲ್ಲ. ನಲವತ್ತರ ಹತ್ತಿರ ಬಂದರೂ ಹೆಣ್ಣು ಸಿಗದ ಕೃಷಿಕ ಯುವಕರನ್ನು ಮಾತನಾಡಿಸಿದರೆ, ಅವರನ್ನು ಒಂಟಿತನಕ್ಕಿಂತ ಹೆಚ್ಚಾಗಿ ಕುಗ್ಗಿಸುವುದು "ನಮಗೆ ಊಟ ಯಾವಾಗ ಹಾಕಿಸ್ತೀಯೋ ಮಾರಾಯ?" ಎಂದು ನಾಲ್ಕು ಜನರ ಎದುರು ಕೇಳುವ ನೆಂಟರ ಪ್ರಶ್ನೆ ಎಂದು ಗೊತ್ತಾಗುತ್ತದೆ. ಅವಮಾನದಿಂದ ಹುಟ್ಟುವ ದುಃಖವನ್ನು ಜನ ಹೇಳಿಕೊಳ್ಳುವುದಿಲ್ಲ. ಮದುವೆಮನೆಗೆ ಹೋಗುವುದನ್ನು ಬಿಡುತ್ತಾರೆ, ಅಷ್ಟೆ.

ತೀರ್ಥಹಳ್ಳಿ ಕಡೆಯ ಬೆಳೆಗಾರರೊಬ್ಬರನ್ನು ಅವರ ಮಗ ಕರೆತಂದಿದ್ದರು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ರೋಗಿ ಹೇಳಿದ್ದು ಎದೆ ಉರಿ, ತಲೆಭಾರ ಮತ್ತು ಸುಸ್ತು ಮಾತ್ರ. ಹೊಟ್ಟೆಗೆ ಎಂಡೋಸ್ಕೋಪಿಯೂ ಆಗಿತ್ತು, ಅದರಲ್ಲಿ ಏನೂ ಸಿಕ್ಕಿರಲಿಲ್ಲ. "ಎಲೆಚುಕ್ಕೆ ಎಲ್ಲರ ತೋಟಕ್ಕೂ ಬಂದಿದೆ, ಅಪ್ಪನಿಗೊಬ್ಬರಿಗೇ ಅಲ್ಲವಲ್ಲ" ಎಂಬುದು ಮಗನ ತಕರಾರು. ವಿಷಯ ಹೊರಬಿದ್ದದ್ದು ಹೆಂಡತಿಯ ಮಾತಿನಿಂದ. ಮೂರು ದಿನ ಹಿಡಿದ ಮಳೆ ಹೊಳವಾದ ಬೆಳಿಗ್ಗೆ, ಡ್ರಮ್ಮಿನಲ್ಲಿ ಮೈಲುತುತ್ತ ಮತ್ತು ಸುಣ್ಣ ಕಲಸಿಟ್ಟು, ಕೊಳೆಮದ್ದು ಹೊಡೆಯಲು ಅಡಿಕೆ ಮರ ಹತ್ತುವ ಕೊನೆಗೌಡ ಬಂದು ಅಂಗಳದಲ್ಲಿ ನಿಂತಿದ್ದರೂ ಇವರು ಜಗಲಿಯಿಂದ ಏಳಲಿಲ್ಲವಂತೆ. "ಹೊಡೆದರೆ ಹೊಡಿ, ಬಿಟ್ಟರೆ ಬಿಡು" ಎಂದು ಗೋಡೆಯ ಕಡೆ ತಿರುಗಿ ಮಲಗಿದರಂತೆ. ಅಡಿಕೆ ಬೆಳೆಗಾರರ ನಡುವೆ ಬದುಕಿದವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ. ತೋಟದ ಚಿಂತೆಯಿಂದ ಬೇಸರಗೊಂಡವನು ಇನ್ನೂ ಹೆಚ್ಚು ತೋಟ ಸುತ್ತುತ್ತಾನೆ, ಔಷಧಿ ಅಂಗಡಿಗೆ ಅಲೆಯುತ್ತಾನೆ. ತೋಟವೇ ಬೇಡವಾದವನಲ್ಲಿ ದುಃಖವು ಕಾರಣದಿಂದ ಕಳಚಿಕೊಂಡು ತನ್ನದೇ ದಾರಿ ಹಿಡಿದಿರುತ್ತದೆ. ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗುವುದು, ಬೆಳಿಗ್ಗೆ ಹೆಚ್ಚಿದ್ದ ಭಾರ ಸಂಜೆಗೆ ಕೊಂಚ ಇಳಿಯುವುದು, ತನ್ನಿಂದಲೇ ಮನೆ ಹಾಳಾಯಿತೆಂಬ ಮಾತು, ಎಲ್ಲವೂ ಅವರಲ್ಲಿದ್ದವು. ಇಂಥ ಲಕ್ಷಣಗಳು ದಿನದ ಬಹುಪಾಲು, ಎರಡು ವಾರಕ್ಕೂ ಮೀರಿ ಇದ್ದರೆ ನಾವು ಅದನ್ನು ಖಿನ್ನತೆಯ ಕಾಯಿಲೆ ಎಂದು ಪರಿಗಣಿಸುತ್ತೇವೆ. ಚಿಕಿತ್ಸೆಯ ನಂತರ ಅವರು ಮಗನೊಡನೆ ಕಾಳುಮೆಣಸಿನ ಬಳ್ಳಿ ಹಬ್ಬಿಸುವ ಬಗ್ಗೆ ವಾದಕ್ಕಿಳಿದಾಗ, ತೋಟದಲ್ಲಿ ಎಲೆಚುಕ್ಕೆ ಇದ್ದ ಹಾಗೆಯೇ ಇತ್ತು.

ಎಲ್ಲ ದುಃಖವೂ ಕಾಯಿಲೆಯಲ್ಲ ಎಂಬುದನ್ನೂ ಅಷ್ಟೇ ಒತ್ತಿ ಹೇಳಬೇಕು. ಸಂಗಾತಿಯನ್ನು ಕಳೆದುಕೊಂಡವರ ಅಳು ಅಲೆಯಂತೆ ಬಂದು ಹೋಗುತ್ತದೆ. ನಡುವೆ ಮೊಮ್ಮಗು ನಕ್ಕರೆ ಅವರೂ ನಗುತ್ತಾರೆ, ತಾನು ನಿಷ್ಪ್ರಯೋಜಕ ಎಂಬ ಭಾವನೆ ಸಾಮಾನ್ಯವಾಗಿ ಅವರಲ್ಲಿರುವುದಿಲ್ಲ. ಅಂಥವರಿಗೆ ವೈಕುಂಠ ಸಮಾರಾಧನೆ ಮುಗಿಯುವ ಮೊದಲೇ ಮಾತ್ರೆ ಬರೆಸಿಕೊಡಿ ಎಂದು ಬರುವ ಮಕ್ಕಳನ್ನು ನಾನು ಬರಿಗೈಯಲ್ಲಿ ಕಳಿಸುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೆಯ ಆವೃತ್ತಿ, 2022ರಿಂದ ಜಾರಿಯಲ್ಲಿರುವುದು, ದೀರ್ಘಕಾಲದ ಶೋಕವನ್ನು ಪ್ರತ್ಯೇಕ ತೊಂದರೆಯಾಗಿ ಗುರುತಿಸುತ್ತದೆ. ಅದಕ್ಕೂ ಆರು ತಿಂಗಳು ಕಳೆದಿರಬೇಕು, ಆಯಾ ಸಮಾಜದ ರೂಢಿಯನ್ನು ಮೀರಿರಬೇಕು. ಸಾವಿಲ್ಲದ ಶೋಕವೂ ಉಂಟು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ನೀರಿಗೆ ಮನೆ ಗದ್ದೆ ಬಿಟ್ಟು ಬಂದ ಶರಾವತಿ ಮುಳುಗಡೆಯ ಹಿರಿಯರಲ್ಲಿ, ಕೊಟ್ಟ ಭೂಮಿಯ ಹಕ್ಕುಪತ್ರದ ಅಲೆದಾಟ ಮಕ್ಕಳ ಕಾಲಕ್ಕೂ ಮುಗಿಯದಿರುವವರ ದುಃಖಕ್ಕೆ ತೆರೆ ಬೀಳುವುದಾದರೂ ಹೇಗೆ? ಇದಕ್ಕೆ ನನ್ನ ಬಳಿ ಮಾತ್ರೆಯಿಲ್ಲ.

ಇನ್ನು "ಏನು ಕಮ್ಮಿ?" ಎಂಬ ಪ್ರಶ್ನೆ. ಇದು ಹೆಚ್ಚು ಕೇಳಿಬರುವುದು ಬಾಣಂತಿಯರ ವಿಷಯದಲ್ಲಿ. ಆರೋಗ್ಯವಂತ ಮಗು, ತವರಿನ ಬಾಣಂತನ, ಎಲ್ಲ ಇದ್ದೂ ಅಳುವ ಹುಡುಗಿಗೆ ಬೈಗುಳವೇ ಸಿಗುತ್ತದೆ. ಹೆರಿಗೆಯಾದ ಮೊದಲ ವಾರದ ಅಳು ಬಹಳಷ್ಟು ತಾಯಂದಿರಲ್ಲಿ ಕಂಡುಬಂದು ತಾನಾಗಿ ಇಳಿಯುತ್ತದೆ. ಎರಡು ವಾರ ದಾಟಿದರೆ, ಅಥವಾ ತಾಯಿ ಮಗುವನ್ನು ಎತ್ತಿಕೊಳ್ಳಲೂ ಒಲ್ಲೆನೆಂದರೆ, ಕಾಯುತ್ತ ಕೂರಬಾರದು. ಥೈರಾಯ್ಡ್ ಗ್ರಂಥಿಯ ಮಂದಗತಿ, ರಕ್ತಹೀನತೆ, ವಿಶೇಷವಾಗಿ ಸಸ್ಯಾಹಾರಿ ಮನೆಗಳಲ್ಲಿ ಬಿ12 ಜೀವಸತ್ವದ ಕೊರತೆ ಕೂಡ ಮನಸ್ಸನ್ನು ಕುಗ್ಗಿಸಬಲ್ಲವು. ಇವು ಸಣ್ಣ ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತವೆ. ಬೇಜಾರಿಗೆ ಕುಡಿಯುತ್ತೇನೆ ಎನ್ನುವವರಲ್ಲಿ ಅನೇಕರಿಗೆ ಕುಡಿತವೇ ಬೇಜಾರಿನ ಮೂಲ. ವೈದ್ಯರ ನೆರವಿನಿಂದ ನಾಲ್ಕು ವಾರ ಬಿಟ್ಟರೆ ಬೇರೆ ಯಾವ ಔಷಧಿಯೂ ಇಲ್ಲದೆ ಮನಸ್ಸು ತಿಳಿಯಾದವರಿದ್ದಾರೆ.

ಮಳೆಗಾಲದ ಬಗ್ಗೆಯೂ ಒಂದು ಮಾತು. ಚಳಿದೇಶಗಳಲ್ಲಿ ಹಗಲು ತೀರಾ ಚಿಕ್ಕದಾಗುವ ತಿಂಗಳುಗಳಲ್ಲಿ ಬರುವ ಖಿನ್ನತೆಯ ಬಗ್ಗೆ ಓದಿ, ನಮ್ಮ ಆಷಾಢದ ಮಂಕೂ ಅದೇ ಇರಬೇಕೆಂದು ಕೇಳುವವರಿದ್ದಾರೆ. ಜೂನ್ ಕೊನೆಯಲ್ಲಿ ನಮ್ಮಲ್ಲಿ ಹಗಲು ಡಿಸೆಂಬರಿಗಿಂತ ಒಂದೂವರೆ ಗಂಟೆ ಉದ್ದವೇ ಇರುತ್ತದೆ. ಕರೆಂಟಿಲ್ಲದ, ಫೋನಿಗೆ ಸಿಗ್ನಲ್ ಇಲ್ಲದ, ಹಳ್ಳ ತುಂಬಿ ಪೇಟೆಗೆ ಹೋಗಲಾಗದ ದಿನಗಳ ಒಂಟಿತನವನ್ನು ನಾನು ಮೋಡಕ್ಕಿಂತ ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ.

ಹಾಗಾಗಿ ಮನೆಯವರು ಯಾಕೆ ಎಂದು ಕೇಳುವುದನ್ನು ಸ್ವಲ್ಪ ಬದಿಗಿಟ್ಟು, ನಿದ್ದೆ ಯಾವಾಗಿನಿಂದ ಕೆಟ್ಟಿತು, ಊಟ ಎಷ್ಟು ಇಳಿಯಿತು, ಯಾವ ಇಷ್ಟದ ಕೆಲಸ ಕೈಬಿಟ್ಟಿತು ಎಂಬುದನ್ನು ಗಮನಿಸಿಕೊಂಡು ಬಂದರೆ ನಮಗೆ ಬಹಳ ಉಪಕಾರ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದೆಂದರೆ ತೋಟದ ಔಷಧಿಗಳನ್ನು ಬೀಗದೊಳಗಿಡಿ, ಅವರನ್ನು ಒಬ್ಬರನ್ನೇ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಖಿನ್ನತೆಯ ಮಾತ್ರೆಗಳು ಜ್ವರದ ಮಾತ್ರೆಯ ಹಾಗೆ ಅಂದೇ ಕೆಲಸ ಮಾಡುವುದಿಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಚೇತರಿಸಿಕೊಂಡ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು. ಹಬ್ಬಕ್ಕೆ ಬಂದ ನೆಂಟರು "ಈಗ ಚೆನ್ನಾಗಿದ್ದೀಯಲ್ಲ, ಇನ್ಯಾಕೆ?" ಎಂದರೆಂದು ನಡುವೆಯೇ ನಿಲ್ಲಿಸಿ, ತಿಂಗಳೆರಡರಲ್ಲಿ ಮರಳಿ ಬರುವವರು ಬಹಳ. ನಿಲ್ಲಿಸಬೇಕೆನಿಸಿದರೆ ಮೊದಲು ಬಂದು ಹೇಳಿ. ಪ್ರಮಾಣವನ್ನು ಹಂತಹಂತವಾಗಿ ಇಳಿಸಿಕೊಡುತ್ತೇವೆ.